ಯುಎಸ್‌ಬಿ ನೆಟ್‌ವರ್ಕ್ ಡ್ರೈವರಿನಲ್ಲಿ ಉಳಿದುಹೋದ ಹಳೆಯ ಕೋಡ್: ಯಾವುದನ್ನು ತೆಗೆಯಬಹುದು?

ಪ್ರಶ್ನೆ: ಸಣ್ಣ ಲಿನಕ್ಸ್ ಬೋರ್ಡುಗಳಿಗೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಜೋಡಿಸಿ ಕಾರವಾರ ಬಂದರಿನ ಆಸುಪಾಸಿನ ಕಚೇರಿಗಳಲ್ಲಿ ಕೂರಿಸಿಕೊಡುವುದು ನನ್ನ ಕೆಲಸ. ಅಡಾಪ್ಟರಿನ ಡ್ರೈವರ್ ಮೊದಲಿಗೆ ಯಾವ ಚೌಕಟ್ಟಿನ ಆಸರೆಯೂ ಇಲ್ಲದೆ ಬರೆದದ್ದು. ನಂತರ ಅದನ್ನು ಯುಎಸ್‌ಬಿನೆಟ್‌ಗೆ (ಯುಎಸ್‌ಬಿ ನೆಟ್‌ವರ್ಕ್ ಡ್ರೈವರ್‌ಗಳಿಗೆ ಲಿನಕ್ಸ್ ಕರ್ನೆಲ್ ಕೊಡುವ ಸಾಮಾನ್ಯ ಚೌಕಟ್ಟು) ಹೊಂದಿಸಿದ್ದಾರೆ, ಆಮೇಲೆ ಫೈಲಿಬ್‌ಗೂ (ಕೇಬಲ್ ಕಡೆಯ ಪಿಎಚ್‌ವೈ ಚಿಪ್ಪನ್ನು ನೋಡಿಕೊಳ್ಳುವ ಕರ್ನೆಲ್ ಭಾಗ) ತಂದಿದ್ದಾರೆ. ಪ್ರತಿ ಸಲವೂ ಹಳೆಯದರಲ್ಲಿ ಅರ್ಧ ಹಾಗೆಯೇ ಉಳಿದಿದೆ: ಏನೂ ಮಾಡದ ಫಂಕ್ಷನ್‌ಗಳು, ರಿಜಿಸ್ಟರ್ ಓದಿ ಬರೆಯುವ ಸ್ವಂತ ಫಂಕ್ಷನ್‌ಗಳು, ಫೈಲಿಬ್‌ಗೂ ಮುಂಚೆ ಆ ಚಿಪ್ಪಿನ ಜೊತೆ ಮಾತಾಡುತ್ತಿದ್ದ ಎಂಐಐ ಕಾಲದ ಸಾಲುಗಳು, ಸಾಧನ ಕಳಚುವಾಗ ಪಾಯಿಂಟರನ್ನು (ಮೆಮೊರಿಯ ವಿಳಾಸ ಇಟ್ಟುಕೊಂಡ ವೇರಿಯಬಲ್) ಎರಡೆರಡು ಸಲ ನಲ್, ಅಂದರೆ ಖಾಲಿ, ಮಾಡುವ ಸಾಲು, ಈಗ ಯಾರೂ ಮಾರದ ಸಾಧನಗಳ ಐಡಿಗಳು. ಇದನ್ನೆಲ್ಲ ಹಸನು ಮಾಡಬೇಕೆಂದಿದ್ದೇನೆ. ಯಾವುದನ್ನು ಧೈರ್ಯವಾಗಿ ತೆಗೆಯಬಹುದು? ನನ್ನ ಬಳಿ ಇರುವುದು ಒಂದೇ ಅಡಾಪ್ಟರ್, ಪರೀಕ್ಷೆ ಹೇಗೆ ಮಾಡಲಿ?

ಉತ್ತರ: ನೀವು ಕೈಗೆತ್ತಿಕೊಂಡಿರುವುದು ಮಾಡಲೇಬೇಕಾದ ಕೆಲಸ. ಹಳೆಯ ಕೋಡ್ ಉಳಿದ ಡ್ರೈವರನ್ನು ಮುಂದೆ ಓದುವವರು, ನಿಜವಾಗಿ ಓಡುವ ದಾರಿ ಯಾವುದು, ಹೆಸರಿಗೆ ಮಾತ್ರ ಇರುವ ದಾರಿ ಯಾವುದು ಎಂದು ತಿಳಿಯದೆ ತಪ್ಪು ಜಾಗದಲ್ಲಿ ತಿದ್ದುತ್ತಾರೆ. ಅಲ್ಲಿಂದ ಹೊಸ ದೋಷಗಳು ಹುಟ್ಟುತ್ತವೆ. ಆದರೆ ಒಂದು ಸಾಲು ಉಳಿಕೆಯೋ ಅಲ್ಲವೋ ಎಂಬುದನ್ನು ಅದರ ಮುಖ ನೋಡಿ ಹೇಳಲಾಗದು. ಆ ಸಾಲನ್ನು ಯಾರು ಕರೆಯುತ್ತಾರೆ, ಯಾವ ಹೊತ್ತಿನಲ್ಲಿ ಕರೆಯುತ್ತಾರೆ, ಅದು ಇಲ್ಲದಿದ್ದರೆ ಕರೆದವರು ಏನು ಮಾಡುತ್ತಾರೆ ಎಂಬ ಮೂರನ್ನೂ ನೋಡಿದ ಮೇಲೆಯೇ ಹೇಳಬೇಕು.

ನಾನಿರುವುದು ಶಿರಸಿಯ ಕಡೆ, ಅಡಿಕೆ ತೋಟಗಳ ನಡುವೆ. ಮಾರ್ಚ್ ತಿಂಗಳಲ್ಲಿ ತೋಟಕ್ಕೆ ಮೊದಲ ಸಲ ಬಂದವರ ಕಣ್ಣಿಗೆ ಬಸಿಗಾಲುವೆ ಎಂದರೆ ಒಣ ಎಲೆ ತುಂಬಿದ, ದಾಟುವುದಕ್ಕೆ ತೊಡಕಾಗುವ ಒಂದು ಕುಳಿ ಮಾತ್ರ. ಅದನ್ನು ಮುಚ್ಚಿ ನೆಲ ಸಮ ಮಾಡಿದರೆ ತೋಟ ಚೆಂದವಾಗಿಯೇ ಕಾಣುತ್ತದೆ. ಆಷಾಢದ ಮಳೆ ಹಿಡಿದಾಗ ನೀರು ಮರದ ಬುಡದಲ್ಲೇ ನಿಂತು ಬೇರು ಕೊಳೆಯುತ್ತದೆ. ಡ್ರೈವರಿನಲ್ಲಿ ಸಾಧನ ಕಳಚಿದಾಗಿನ ದಾರಿ, ದೋಷ ಬಂದಾಗಿನ ದಾರಿ, ಯಂತ್ರ ನಿದ್ರೆಗೆ ಹೋಗಿ ಏಳುವಾಗಿನ ದಾರಿ, ಇವೆಲ್ಲ ಅಂಥ ಬಸಿಗಾಲುವೆಗಳು. ಮೇಜಿನ ಮೇಲೆ ಅಡಾಪ್ಟರ್ ಚುಚ್ಚಿ ಪಿಂಗ್ ಮಾಡಿ ನೋಡುವಾಗ ಅವುಗಳಲ್ಲಿ ಒಂದು ಹನಿಯೂ ಹರಿಯುವುದಿಲ್ಲ.

ನಿಮ್ಮ ಡ್ರೈವರ್ ಈಗ ನಿಂತಿರುವ ಚೌಕಟ್ಟಿನ ರೀತಿಯನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಯುಎಸ್‌ಬಿನೆಟ್‌ನಲ್ಲಿ ಸಾಧನವನ್ನು ಗುರುತಿಸುವ ಪ್ರೋಬ್, ಜಾಲವನ್ನು ತೆರೆಯುವ ಓಪನ್, ನಿಲ್ಲಿಸುವ ಸ್ಟಾಪ್, ಕಳಚಿದಾಗಿನ ಡಿಸ್‌ಕನೆಕ್ಟ್, ಪ್ಯಾಕೆಟ್‌ಗಳನ್ನು ಯುಆರ್‌ಬಿಗಳಲ್ಲಿ (ಯುಎಸ್‌ಬಿ ವರ್ಗಾವಣೆಯ ಕೋರಿಕೆಗಳು) ಕಳಿಸಿ ಪಡೆಯುವ ಕೆಲಸ, ಇಷ್ಟೂ ಚೌಕಟ್ಟಿನ ಪಾಲಿಗೆ ಸೇರಿದೆ. ಚಿಪ್‌ಗೆ ಸಂಬಂಧಿಸಿದ ಡ್ರೈವರ್ 'ಡ್ರೈವರ್ ಇನ್ಫೋ' ಎಂಬ ಒಂದು ಕೋಷ್ಟಕವನ್ನು ತುಂಬಿ ಕೊಡುತ್ತದೆ: ಬೈಂಡ್, ಅನ್‌ಬೈಂಡ್, ರಿಸೆಟ್, ಸ್ಟೇಟಸ್, ಬಂದ ಪ್ಯಾಕೆಟನ್ನು ಬಿಡಿಸುವ ಆರ್‌ಎಕ್ಸ್ ಫಿಕ್ಸಪ್, ಹೋಗುವ ಪ್ಯಾಕೆಟನ್ನು ಕಟ್ಟುವ ಟಿಎಕ್ಸ್ ಫಿಕ್ಸಪ್ ಮುಂತಾದವು ಅದರ ಮನೆಗಳು. 2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ ಮಾಡೆಲ್ ಬಿಯ ಈಥರ್ನೆಟ್ ಕೂಡ ಒಳಗೆ ಯುಎಸ್‌ಬಿ ಮೇಲೆಯೇ ಕುಳಿತಿತ್ತು, ಅದರ ಡ್ರೈವರ್ ಇದೇ ಚೌಕಟ್ಟಿನದು. ಸ್ವತಂತ್ರ ಡ್ರೈವರನ್ನು ಇಲ್ಲಿಗೆ ತಂದಾಗ ಕೆಲಸ ಚೌಕಟ್ಟಿಗೆ ವರ್ಗವಾಗುತ್ತದೆ, ಆದರೆ ಹಳೆಯ ಕೆಲಸಗಾರನನ್ನು ಕೋಡಿನಿಂದ ಕಳಿಸಿಕೊಡುವುದನ್ನು ಮರೆಯುತ್ತಾರೆ. ನಿಮ್ಮ ಸಮಸ್ಯೆಯ ಮೂಲ ಇಷ್ಟೇ.

ಸುಲಭವಾದವುಗಳನ್ನು ಬೇಗ ಮುಗಿಸಿಬಿಡುತ್ತೇನೆ. ಮೆಮೊರಿ ಸಿಗದಾಗ ಡ್ರೈವರ್ ಸ್ವತಃ ಅಚ್ಚು ಹಾಕುವ ಸಂದೇಶ ಬೇಡ, ಕರ್ನೆಲ್ ತಾನಾಗಿಯೇ ಹೆಚ್ಚು ವಿವರವಾದ ಸಂದೇಶ ಕೊಡುತ್ತದೆ. ಮೆಮೊರಿ ಬಿಡುಗಡೆ ಮಾಡುವ ಕೆಫ್ರೀ, ಯುಆರ್‌ಬಿಯನ್ನು ಕೊಲ್ಲುವ ಮತ್ತು ಬಿಡುಗಡೆ ಮಾಡುವ ಫಂಕ್ಷನ್‌ಗಳು ನಲ್ ಪಾಯಿಂಟರನ್ನು ಸಹಿಸುತ್ತವೆ, ಆದ್ದರಿಂದ ಅವುಗಳ ಮುಂದಿನ 'ಇದ್ದರೆ ಮಾತ್ರ' ಎಂಬ ಪರೀಕ್ಷೆ ಬೇಡ. ಕರ್ನೆಲ್ ಆವೃತ್ತಿಯನ್ನು ನೋಡಿ ಹಳೆಯದಕ್ಕೊಂದು ಹೊಸದಕ್ಕೊಂದು ಕೋಡ್ ಆರಿಸುವ ಷರತ್ತುಗಳು, ನೀವು ಬೆಂಬಲಿಸುವ ಅತ್ಯಂತ ಹಳೆಯ ಕರ್ನೆಲ್ ಯಾವುದೆಂದು ತೀರ್ಮಾನಿಸಿದ ಕೂಡಲೇ ಹೋಗಬೇಕು. ಅದಕ್ಕೆ ಯುನಿಫ್‌ಡೆಫ್ ಎಂಬ ಉಪಕರಣವೇ ಇದೆ. ಯಾರೂ ಕರೆಯದ ಸ್ಟ್ಯಾಟಿಕ್ ಫಂಕ್ಷನ್‌ಗಳನ್ನು ಕಂಪೈಲರ್ ತೋರಿಸಿಕೊಡುತ್ತದೆ. ಕಂಪೈಲರ್ ತೋರಿಸದಿರುವುದರಲ್ಲಿ ಒಂದು: ಸ್ಟ್ರಕ್ಟ್‌ನಲ್ಲಿ ಬರೆಯುತ್ತಾರೆ, ಆದರೆ ಎಂದೂ ಓದುವುದಿಲ್ಲ ಎಂಬಂಥ ಸದಸ್ಯಗಳು. ಅವುಗಳಿಗೆ ನಾನು ಬಳಸುವ ಉಪಾಯ ಬಹಳ ಸರಳವಾದದ್ದು. ಆ ಸದಸ್ಯದ ಹೆಸರನ್ನು ಘೋಷಣೆಯಲ್ಲಿ ಮಾತ್ರ ಬದಲಿಸಿ ಕಂಪೈಲ್ ಮಾಡುತ್ತೇನೆ. ಅದನ್ನು ಬಳಸಿದ ಪ್ರತಿ ಜಾಗದಲ್ಲೂ ದೋಷ ಬರುತ್ತದೆ. ದೋಷ ಬಂದ ಎಲ್ಲ ಜಾಗಗಳೂ ಬರೆಯುವ ಜಾಗಗಳೇ ಆಗಿದ್ದರೆ ಆ ಸದಸ್ಯ ಹೋಗಬಹುದು.

ಈಗ ಏನೂ ಮಾಡದಂತೆ ಕಾಣುವ ಫಂಕ್ಷನ್‌ಗಳ ಮಾತು. ರಿಸೆಟ್ ಮನೆಯಲ್ಲಿ ಕೇವಲ ಸೊನ್ನೆಯನ್ನು ಹಿಂದಿರುಗಿಸುವ ಫಂಕ್ಷನ್ ಕೂತಿದ್ದರೆ ಅದನ್ನು ತೆಗೆಯಿರಿ; ಓಪನ್ ಹೊತ್ತಿನಲ್ಲಿ ಚೌಕಟ್ಟು ಆ ಮನೆ ಖಾಲಿಯೇ ಎಂದು ನೋಡಿಯೇ ಮುಂದೆ ಹೋಗುತ್ತದೆ. ಬೈಂಡ್ ವಿಷಯ ಹಾಗಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹಲವು ಡ್ರೈವರ್‌ಗಳ ಬೈಂಡ್‌ನಲ್ಲಿ ಎಂಡ್‌ಪಾಯಿಂಟ್‌ಗಳನ್ನು, ಅಂದರೆ ಸಾಧನದ ದತ್ತಾಂಶ ಬಂದು ಹೋಗುವ ಬಾಗಿಲುಗಳನ್ನು, ಹುಡುಕುವ ಒಂದೇ ಕರೆ ಇರುತ್ತದೆ. ಬೈಂಡ್ ಇಲ್ಲದಿದ್ದರೆ, ಮತ್ತು ಒಳಬರುವ, ಹೊರಹೋಗುವ ಎಂಡ್‌ಪಾಯಿಂಟ್‌ಗಳ ಸಂಖ್ಯೆಯನ್ನು ಕೋಷ್ಟಕದಲ್ಲಿ ಕೊಟ್ಟಿರದಿದ್ದರೆ, ಪ್ರೋಬ್ ತಾನೇ ಅದೇ ಕರೆಯನ್ನು ಮಾಡಿಕೊಳ್ಳುತ್ತದೆ. ಇದನ್ನು ಓದಿದ ಯಾರಿಗಾದರೂ ಬೈಂಡ್ ಬೇಡವೆನ್ನಿಸುವುದು ಸಹಜ. ಆದರೆ ಪ್ರೋಬ್‌ನ ಕೋಡನ್ನು ಇನ್ನಷ್ಟು ನಿಧಾನವಾಗಿ ಓದಿದರೆ, ಬೈಂಡ್ ಇದ್ದಾಗ ಮಾತ್ರ ಓಡುವ ಕವಲಿನ ಒಳಗೆ ಬೇರೆ ಕೆಲವು ಕೆಲಸಗಳೂ ನಡೆಯುತ್ತಿರುವುದು ಕಾಣುತ್ತದೆ. ಸಾಧನಕ್ಕೆ ಈಥರ್ನೆಟ್ ಎಂಬ ಗುರುತು ಇದ್ದರೆ ಅದರ ಹೆಸರನ್ನು 'ಯುಎಸ್‌ಬಿ0' ಮಾದರಿಯಿಂದ 'ಈಥ್0' ಮಾದರಿಗೆ ಬದಲಿಸುವುದು ಅಲ್ಲೇ. ಎಆರ್‌ಪಿ (ಐಪಿಯಿಂದ ಯಂತ್ರದ ವಿಳಾಸ ಹುಡುಕುವ ವಿಧಾನ) ಮಾಡಲಾಗದ ಸಾಧನಕ್ಕೆ ಆ ಗುರುತು ಹಾಕುವುದು ಅಲ್ಲೇ. ಎದುರಿನ ಸಾಧನ ಪೂರ್ಣ ಗಾತ್ರದ ಪ್ಯಾಕೆಟ್ ಪಡೆಯಲಾರದು ಎಂದಾದರೆ ಎಂಟಿಯುವನ್ನು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಇಳಿಸುವುದೂ ಅಲ್ಲೇ. ಹೀಗಾಗಿ ಆ ಒಂದು ಸಾಲಿನ ಬೈಂಡ್ ಅನ್ನು ತೆಗೆದರೆ ಡ್ರೈವರ್ ಕಂಪೈಲ್ ಆಗುತ್ತದೆ, ಸಾಧನ ಓಡುತ್ತದೆ, ಪ್ಯಾಕೆಟ್ ಹೋಗಿ ಬರುತ್ತದೆ, ಆದರೆ ಜಾಲದ ಹೆಸರು ಬದಲಾಗಿರುತ್ತದೆ. ನಿಮ್ಮ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ತನ್ನ ಪದ್ಧತಿಯ ಪ್ರಕಾರ ಹೆಸರಿಡುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಬಂದರಿನ ಕಚೇರಿಯ ಬೋರ್ಡಿನಲ್ಲಿ ಮರುಹೆಸರಿಸುವ ಏರ್ಪಾಡು ಇಲ್ಲದಿದ್ದರೆ, 'ಈಥ್0' ಎಂದು ಬರೆದಿಟ್ಟ ಸಂರಚನೆಗೆ ಸಾಧನ ಸಿಗದೆ, ಪೆಟ್ಟಿಗೆ ಮೂಕವಾಗಿ ಕೂರುತ್ತದೆ.

ರಿಜಿಸ್ಟರ್ ಓದು-ಬರಹದ ಸ್ವಂತ ಫಂಕ್ಷನ್‌ಗಳು ನಿಮ್ಮ ಪಟ್ಟಿಯ ಎರಡನೆಯ ಸಂಗತಿ. 2012ರಿಂದ ಯುಎಸ್‌ಬಿನೆಟ್ ತನ್ನದೇ ಆದ ರೀಡ್ ಕಮಾಂಡ್, ರೈಟ್ ಕಮಾಂಡ್ ಫಂಕ್ಷನ್‌ಗಳನ್ನು ಒದಗಿಸುತ್ತಿದೆ. ಅದಕ್ಕೂ ಹಿಂದಿನ ಡ್ರೈವರ್‌ಗಳಲ್ಲಿ ಪ್ರತಿಯೊಬ್ಬರೂ ಇದೇ ಕೆಲಸವನ್ನು ತಮ್ಮ ತಮ್ಮ ರೀತಿಯಲ್ಲಿ ಬರೆದುಕೊಂಡಿದ್ದರು. ಚೌಕಟ್ಟಿನ ಫಂಕ್ಷನ್ ತಾನೇ ಮೆಮೊರಿ ಪಡೆದು, ಅದರೊಳಗೆ ಸಾಧನದಿಂದ ಓದಿ, ನಂತರ ನಿಮ್ಮ ಜಾಗಕ್ಕೆ ನಕಲು ಮಾಡುತ್ತದೆ. ಆದ್ದರಿಂದ ಅದನ್ನು ಕರೆಯುವ ಮೊದಲು ಡ್ರೈವರ್ ಮತ್ತೊಮ್ಮೆ ಮೆಮೊರಿ ಪಡೆಯುತ್ತಿದ್ದರೆ ಅದು ಶುದ್ಧ ಉಳಿಕೆ, ತೆಗೆಯಬಹುದು. ಆದರೆ ಅದೇ ಡ್ರೈವರಿನ ಇನ್ನೊಂದು ಮೂಲೆಯಲ್ಲಿ ಯುಎಸ್‌ಬಿ ಕಂಟ್ರೋಲ್ ಮೆಸೇಜ್ ಫಂಕ್ಷನ್ ಅನ್ನು ನೇರವಾಗಿ ಕರೆಯುತ್ತಿದ್ದರೆ, ಅಲ್ಲಿ ಮುಂಚೆ ಪಡೆದ ಮೆಮೊರಿಯನ್ನು ತೆಗೆದು ಸ್ಟ್ಯಾಕ್ ಮೇಲಿನ ವೇರಿಯಬಲ್ ಕೊಡಬೇಡಿ. ಯುಎಸ್‌ಬಿ ವರ್ಗಾವಣೆಯ ಮೆಮೊರಿ ಡಿಎಂಎಗೆ (ಪ್ರೊಸೆಸರಿನ ನೆರವಿಲ್ಲದೆ ಯಂತ್ರಾಂಶ ನೇರವಾಗಿ ಮೆಮೊರಿ ಮುಟ್ಟುವುದು) ತಕ್ಕುದಾಗಿರಬೇಕು. 2016ರ ಕೊನೆಯಲ್ಲಿ ಬಂದ 4.9ನೇ ಕರ್ನೆಲ್‌ನಲ್ಲಿ ಸ್ಟ್ಯಾಕನ್ನೇ ವರ್ಚುವಲ್ ಮ್ಯಾಪಿಂಗ್‌ಗೆ ಸರಿಸುವ ಏರ್ಪಾಡು ಬಂದಾಗ, ಸ್ಟ್ಯಾಕ್ ಮೇಲೆ ಅದೃಷ್ಟವಶಾತ್ ಓಡುತ್ತಿದ್ದ ಎಷ್ಟೋ ಡ್ರೈವರ್‌ಗಳು ನಿಂತುಹೋದವು.

ಇದೇ ಜಾಗದಲ್ಲಿ ಇನ್ನೆರಡು ಎಚ್ಚರಿಕೆಗಳಿವೆ, ಎರಡೂ ನನ್ನ ಅನುಭವದಲ್ಲಿ ಬಹಳ ಸಮಯ ತಿಂದವು. ಮೊದಲನೆಯದು ಹಿಂದಿರುಗುವ ಮೌಲ್ಯದ್ದು. ಹಳೆಯ ಕಂಟ್ರೋಲ್ ಮೆಸೇಜ್ ಫಂಕ್ಷನ್ ಗೆದ್ದಾಗ ಎಷ್ಟು ಬೈಟ್ ಬಂತೆಂದು ಹೇಳುತ್ತದೆ, ಯುಎಸ್‌ಬಿನೆಟ್‌ನ ರೀಡ್ ಕಮಾಂಡ್ ಕೂಡ ಹಾಗೆಯೇ. 5.10ನೇ ಕರ್ನೆಲ್‌ನಲ್ಲಿ ಸೇರಿದ ಹೊಸ ಸೆಂಡ್ ಮತ್ತು ರಿಸೀವ್ ರೂಪಗಳು ಗೆದ್ದಾಗ ಸೊನ್ನೆಯನ್ನು ಹಿಂದಿರುಗಿಸುತ್ತವೆ, ಬೈಟ್ ಕಡಿಮೆ ಬಂದರೆ ಅದನ್ನೇ ದೋಷವೆಂದು ಹೇಳುತ್ತವೆ. ಕರೆಯನ್ನು ಮಾತ್ರ ಹೊಸದಕ್ಕೆ ಬದಲಿಸಿ, ಕೆಳಗಿನ 'ಬಂದ ಬೈಟ್ ಕೇಳಿದ್ದಕ್ಕಿಂತ ಕಡಿಮೆಯೇ' ಎಂಬ ಪರೀಕ್ಷೆಯನ್ನು ಹಾಗೆಯೇ ಬಿಟ್ಟರೆ ಪ್ರತಿ ಗೆಲುವೂ ಸೋಲಾಗುತ್ತದೆ. ತಿರುಗಿ, ಹಳೆಯ ಕರೆಯನ್ನೇ ಉಳಿಸಿಕೊಂಡು ಆ ಪರೀಕ್ಷೆ ಅನಗತ್ಯವೆಂದು ತೆಗೆದರೆ, ಸಾಧನ ಎರಡು ಬೈಟ್ ಕೊಡಬೇಕಾದಲ್ಲಿ ಒಂದೇ ಕೊಟ್ಟಾಗ ಉಳಿದ ಬೈಟ್‌ನಲ್ಲಿ ಮೆಮೊರಿಯ ಹಳೆಯ ಕಸವನ್ನೇ ರಿಜಿಸ್ಟರ್ ಮೌಲ್ಯವೆಂದು ನಂಬಿ ಮುಂದೆ ಹೋಗುತ್ತೀರಿ. ಎರಡನೆಯದು ವಿದ್ಯುತ್ ನಿರ್ವಹಣೆಯದು. ಚೌಕಟ್ಟಿನ ಓದು-ಬರಹದ ಫಂಕ್ಷನ್‌ಗಳಿಗೆ 'ನೋ ಪಿಎಂ' ಎಂಬ ಬಾಲವಿರುವ ಜೊತೆಗಾರ ಫಂಕ್ಷನ್‌ಗಳಿವೆ. ಸಾಮಾನ್ಯ ರೂಪವು ಓದುವ ಮೊದಲು ಸಾಧನವನ್ನು ಎಬ್ಬಿಸುತ್ತದೆ. ಸಾಧನ ಈಗಾಗಲೇ ಏಳುತ್ತಿರುವ ಅಥವಾ ಮಲಗುತ್ತಿರುವ ಹೊತ್ತಿನಲ್ಲಿ, ಅಂದರೆ ರೆಸ್ಯೂಮ್ ಅಥವಾ ಸಸ್ಪೆಂಡ್ ಫಂಕ್ಷನ್‌ನ ಒಳಗಿನಿಂದಲೇ, ಅದನ್ನು ಕರೆದರೆ ಕೋಡ್ ತನಗಾಗಿ ತಾನೇ ಕಾಯುತ್ತಾ ನಿಲ್ಲುತ್ತದೆ. ಎರಡು ಜೋಡಿ ಫಂಕ್ಷನ್‌ಗಳು ಒಂದೇ ಕೆಲಸ ಮಾಡುತ್ತಿವೆ ಎಂದು ಒಂದನ್ನು ಅಳಿಸುವುದು ನೋಡಲು ಬಹಳ ಅಚ್ಚುಕಟ್ಟಾದ ಬದಲಾವಣೆ, ಪರಿಣಾಮದಲ್ಲಿ ಬಹಳ ಕೆಟ್ಟದ್ದು.

ಎಂಐಐ ಕಾಲದ ಸಾಲುಗಳಿಗೆ ಬರೋಣ. ಇಲ್ಲಿ ಬಿಟ್ಟರೂ ಕಷ್ಟ, ಯೋಚಿಸದೆ ತೆಗೆದರೂ ಕಷ್ಟ. ಬಿಟ್ಟರೆ ಏನಾಗುತ್ತದೆ ಎಂದರೆ, ಯುಎಸ್‌ಬಿನೆಟ್‌ನ ಲಿಂಕ್ ವಿಚಾರಿಸುವ ಫಂಕ್ಷನ್ ಮೊದಲು ಚೆಕ್ ಕನೆಕ್ಟ್ ಮನೆ ತುಂಬಿದೆಯೇ ನೋಡುತ್ತದೆ, ಇಲ್ಲದಿದ್ದರೆ ಎಂಐಐ ಓದುವ ಪಾಯಿಂಟರ್ ಇದೆಯೇ ನೋಡುತ್ತದೆ, ಅದೂ ಇಲ್ಲದಿದ್ದರೆ ಮಾತ್ರ ಜಾಲದ ಸಾಮಾನ್ಯ ಕ್ಯಾರಿಯರ್ (ಲಿಂಕ್ ಇದೆಯೇ ಎಂಬ) ಸ್ಥಿತಿಯನ್ನು ಹೇಳುತ್ತದೆ. ಫೈಲಿಬ್‌ಗೆ ಬಂದ ಮೇಲೂ ಬೈಂಡ್‌ನಲ್ಲಿ ಆ ಹಳೆಯ ಪಾಯಿಂಟರನ್ನು ತುಂಬುವ ಸಾಲು ಉಳಿದಿದ್ದರೆ, ಮತ್ತು ನಿಮ್ಮ ಈಥ್‌ಟೂಲ್ (ಜಾಲದ ಸ್ಥಿತಿ ತೋರಿಸುವ ಉಪಕರಣ) ಕೋಷ್ಟಕ ಇನ್ನೂ ಅದೇ ಫಂಕ್ಷನ್ ಅನ್ನು ತೋರಿಸುತ್ತಿದ್ದರೆ, ಫೈಲಿಬ್ ಒಂದು ಮಾತು ಹೇಳುವಾಗ ಈಥ್‌ಟೂಲ್ ಇನ್ನೊಂದು ಹೇಳುವ ಸಂದರ್ಭ ಬರಬಹುದು. ಈ ಉಳಿಕೆ ಸುಮ್ಮನೆ ಬಿದ್ದಿರುವಂಥದ್ದಲ್ಲ, ಅದನ್ನು ತೆಗೆಯಲೇಬೇಕು. ಆದರೆ ಒಂದೇ ಕಡತದಲ್ಲಿ ಹಲವು ಚಿಪ್‌ಗಳಿದ್ದರೆ ಯಾವ ಚಿಪ್ ಇನ್ನೂ ಹಳೆಯ ದಾರಿಯಲ್ಲಿದೆ ಎಂದು ಮೊದಲು ನೋಡಿ. ಕರ್ನೆಲ್‌ನ ಏಸಿಕ್ಸ್ ಡ್ರೈವರಿನಲ್ಲಿ 2021ರಲ್ಲಿ ಎಎಕ್ಸ್88772 ಫೈಲಿಬ್‌ಗೆ ಬಂತು. ಅದೇ ಕಡತದ ಎಎಕ್ಸ್88172 ಮತ್ತು ಎಎಕ್ಸ್88178 ಎಂಐಐ ದಾರಿಯಲ್ಲೇ ಉಳಿದವು. 88772 ಮಾತ್ರ ಕೈಯಲ್ಲಿರುವವರಿಗೆ ಆ ಕಡತದ ಎಂಐಐ ಸಾಲುಗಳೆಲ್ಲ ಸತ್ತಂತೆ ಕಾಣುತ್ತವೆ, ಆದರೆ ಅವು ಬೇರೆಯವರ ಅಡಾಪ್ಟರಿನ ಜೀವ.

ಯೋಚಿಸದೆ ತೆಗೆದಾಗಿನ ಕಷ್ಟಕ್ಕೆ ಅದೇ ಏಸಿಕ್ಸ್ ಡ್ರೈವರಿನ ಕಥೆ ಒಳ್ಳೆಯ ಉದಾಹರಣೆ. ಕೇಬಲ್ ಬಂತು, ಹೋಯಿತು ಎಂಬುದನ್ನು ಫೈಲಿಬ್ ತಾನೇ ಗಮನಿಸಿ ಕ್ಯಾರಿಯರ್ ಸ್ಥಿತಿಯನ್ನು ಬದಲಿಸುತ್ತದೆ, ಹೀಗಿರುವಾಗ ಯುಎಸ್‌ಬಿನೆಟ್‌ಗೆ ಲಿಂಕ್ ಬದಲಾಯಿತೆಂದು ಪ್ರತ್ಯೇಕವಾಗಿ ತಿಳಿಸುವ ಕರೆ ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಕರೆ ಕ್ಯಾರಿಯರ್ ಬದಲಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಲಿಂಕ್ ಇಲ್ಲದಾಗ ಪ್ಯಾಕೆಟ್ ಪಡೆಯುವ ಯುಆರ್‌ಬಿಗಳನ್ನು ಹಿಂದಕ್ಕೆ ಪಡೆದು, ಲಿಂಕ್ ಬಂದಾಗ ಮತ್ತೆ ಕಳಿಸಲು ಚಾಲನೆ ಕೊಡುತ್ತದೆ. ಅದಿಲ್ಲದಾಗ, ಸಾಧನ ಗುರುತಾದ ಮೇಲೆ ಕೇಬಲ್ ಚುಚ್ಚಿದರೆ, ಈ ಕಡೆಯಿಂದ ಒಂದು ಪ್ಯಾಕೆಟ್ ಹೊರಹೋಗುವವರೆಗೂ ಒಳಬರುವ ಯಾವ ಪ್ಯಾಕೆಟನ್ನೂ ಪಡೆಯುವುದಿಲ್ಲ. ವಿಳಾಸವನ್ನು ತಾನಾಗಿ ಕೇಳಿ ಪಡೆಯುವ ಯಂತ್ರಗಳಲ್ಲಿ ಲಿಂಕ್ ಬಂದ ಕ್ಷಣವೇ ಒಂದು ಪ್ಯಾಕೆಟ್ ಹೊರಗೆ ಹೋಗುವುದರಿಂದ ಈ ದೋಷ ಅಡಗಿ ಕೂತಿತ್ತು. ಏಸಿಕ್ಸ್‌ನಲ್ಲಿ ಅದನ್ನು ಸರಿಪಡಿಸಿದ್ದು 2022ರಲ್ಲಿ. ನಿಮ್ಮ ಬದಲಾವಣೆಯ ನಂತರ ಇದನ್ನು ಪರೀಕ್ಷಿಸಲು ಬೋರ್ಡಿಗೆ ಸ್ಥಿರ ಐಪಿ ಕೊಡಿ, ಐಪಿವಿ6 ನಿಲ್ಲಿಸಿ, ಅಡಾಪ್ಟರ್ ಗುರುತಾಗಿ ಜಾಲ ತೆರೆದ ಮೇಲೆ ಕೇಬಲ್ ಚುಚ್ಚಿ, ಎದುರಿನ ಯಂತ್ರದಿಂದ ಮೊದಲ ಪಿಂಗ್ ಮಾಡಿ. ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಪಡೆಯುವ ಏರ್ಪಾಡು) ಇಟ್ಟುಕೊಂಡು ಮಾಡಿದ ಪರೀಕ್ಷೆಯಿಂದ ಇದು ಎಂದಿಗೂ ತಿಳಿಯದು.

ಕಳಚುವ ದಾರಿ ನಿಮ್ಮ ಊರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಾರವಾರದ ಉಪ್ಪು ಗಾಳಿ ಮತ್ತು ಮಳೆಗಾಲದ ತೇವದಲ್ಲಿ ಯುಎಸ್‌ಬಿ ಸಾಕೆಟ್ಟಿನ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವೆ, ಸಂಪರ್ಕ ಬಿಟ್ಟು ಬಿಟ್ಟು ಹಿಡಿಯುತ್ತದೆ. ಯಾರೂ ಕೈ ಹಾಕದಿದ್ದರೂ ಕರ್ನೆಲ್‌ನ ಪಾಲಿಗೆ ಅದು ಪ್ರತಿ ಸಲವೂ ಒಂದು ಕಳಚುವಿಕೆ, ಒಂದು ಹೊಸ ಜೋಡಣೆ. ಘಟ್ಟದ ಕೆಳಗಿನ ಒಂದು ಬಂದರಿನಲ್ಲಿ ಮೀನಿನ ತೂಕ ದಾಖಲಿಸುವ ಬೋರ್ಡುಗಳಿಗೆ ನಾನು ಡ್ರೈವರ್ ಹಸನು ಮಾಡಿಕೊಟ್ಟಿದ್ದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದಲ್ಲಿ ಅವು ಬಳಕೆಯಿಲ್ಲದೆ ತೇವದಲ್ಲಿ ಕೂತವು, ಆಗಸ್ಟ್‌ನಲ್ಲಿ ಮತ್ತೆ ಚಾಲೂ ಮಾಡಿದಾಗ ದಿನಕ್ಕೆ ಹಲವು ಸಲ ಕುಸಿದು ಬೀಳತೊಡಗಿದವು. ಸಾಕೆಟ್ಟು ಕೆಟ್ಟದ್ದು ನಿಜ, ಆದರೆ ಸಾಕೆಟ್ಟು ಕೆಟ್ಟರೆ ಜಾಲ ಹೋಗಬೇಕೇ ಹೊರತು ಇಡೀ ಯಂತ್ರ ಬೀಳಬಾರದು. ತಪ್ಪು ನನ್ನ ಬದಲಾವಣೆಯಲ್ಲಿತ್ತು. ಲಿಂಕ್ ಸ್ಥಿತಿಯನ್ನು ಆಗಾಗ ನೋಡುವ ಒಂದು ಡಿಲೇಡ್ ವರ್ಕ್ (ಸ್ವಲ್ಪ ಹೊತ್ತಿನ ನಂತರ ಓಡಲು ನಿಗದಿಯಾದ ಕೆಲಸ) ಆ ಡ್ರೈವರಿನಲ್ಲಿತ್ತು, ಅನ್‌ಬೈಂಡ್‌ನಲ್ಲಿ ಅದನ್ನು ರದ್ದು ಮಾಡಿ ಮುಗಿಯುವವರೆಗೆ ಕಾಯುವ ಸಾಲೂ ಇತ್ತು. ಚೌಕಟ್ಟಿನ ಡಿಸ್‌ಕನೆಕ್ಟ್ ಕೂಡ ವರ್ಕ್ ರದ್ದು ಮಾಡುವುದನ್ನು ಕಂಡು, ಇದು ಎರಡನೆಯ ಪ್ರತಿಯೆಂದು ಭಾವಿಸಿ ತೆಗೆದಿದ್ದೆ. ಚೌಕಟ್ಟು ರದ್ದು ಮಾಡುವುದು ತನ್ನದೇ ಆದ ಕೆವೆಂಟ್ ಎಂಬ ವರ್ಕನ್ನು ಮಾತ್ರ. ಡ್ರೈವರಿನ ಸ್ವಂತ ವರ್ಕ್ ಅದಕ್ಕೆ ಗೊತ್ತೇ ಇಲ್ಲ. ಸಾಧನ ಕಳಚಿ, ಮೆಮೊರಿ ಬಿಡುಗಡೆಯಾದ ಮೇಲೆ ಆ ವರ್ಕ್ ಎದ್ದು, ಇಲ್ಲದ ಮೆಮೊರಿಯನ್ನು ಮುಟ್ಟುತ್ತಿತ್ತು. ಬಂದರಿನವರಿಗೆ ಮೀನು ಇಳಿಯುವ ಹೊತ್ತಿನಲ್ಲಿ ಆದ ತೊಂದರೆಯನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಆ ಡಿಸ್‌ಕನೆಕ್ಟ್‌ನ ಕ್ರಮವನ್ನು ನೀವು ಒಮ್ಮೆ ಕಾಗದದ ಮೇಲೆ ಬರೆದುಕೊಳ್ಳಬೇಕು. ಈಗಿನ ಕರ್ನೆಲ್‌ಗಳಲ್ಲಿ ಅದು ಇಂಟರ್‌ಫೇಸಿಗೆ ಕಟ್ಟಿದ ಪಾಯಿಂಟರನ್ನು ತೆಗೆದುಕೊಂಡು ಆ ಜಾಗವನ್ನು ನಲ್ ಮಾಡುತ್ತದೆ, ಸಿಕ್ಕ ಪಾಯಿಂಟರ್ ನಲ್ ಆಗಿದ್ದರೆ ಅಲ್ಲಿಂದಲೇ ಹಿಂದಿರುಗುತ್ತದೆ, ಇಲ್ಲದಿದ್ದರೆ ಜಾಲದ ಸಾಧನವನ್ನು ನೋಂದಣಿಯಿಂದ ತೆಗೆಯುತ್ತದೆ, ಕೆವೆಂಟ್ ರದ್ದು ಮಾಡುತ್ತದೆ, ಆಮೇಲೆ ನಿಮ್ಮ ಅನ್‌ಬೈಂಡ್ ಕರೆಯುತ್ತದೆ, ಕೊನೆಗೆ ಮೆಮೊರಿ ಬಿಡುತ್ತದೆ. ನೋಂದಣಿ ತೆಗೆಯುವುದು ಮೊದಲೋ ಅನ್‌ಬೈಂಡ್ ಮೊದಲೋ ಎಂಬುದನ್ನು ಒಮ್ಮೆ ತಿರುಗಿಸಿ, ಅದರಿಂದ ಬೇರೆ ದೋಷಗಳು ಹುಟ್ಟಿದ್ದರಿಂದ 2022ರಲ್ಲಿ ಮತ್ತೆ ಮೊದಲಿನಂತೆ ಮಾಡಬೇಕಾಯಿತು. ಚೌಕಟ್ಟನ್ನು ಬರೆಯುವವರೇ ಇಷ್ಟು ಎಚ್ಚರದಿಂದ ನಡೆಯುವ ಜಾಗವಿದು.

ಈ ಕ್ರಮ ಕೈಯಲ್ಲಿದ್ದರೆ ನಿಮ್ಮ ನಾಲ್ಕನೆಯ ಪ್ರಶ್ನೆಗೆ, ಎರಡೆರಡು ಸಲ ನಲ್ ಮಾಡುವ ಸಾಲಿಗೆ, ಉತ್ತರ ತಾನಾಗಿ ಸಿಗುತ್ತದೆ. ಡ್ರೈವರ್ ತನ್ನದೇ ಇಂಟರ್‌ಫೇಸಿನ ಪಾಯಿಂಟರನ್ನು ಕೊನೆಯಲ್ಲಿ ನಲ್ ಮಾಡುತ್ತಿದ್ದರೆ ಅದು ನಿಜವಾಗಿಯೂ ಬೇಡ; ಚೌಕಟ್ಟೂ ಮಾಡುತ್ತದೆ, ಅದಕ್ಕೂ ಮೇಲಿನ ಯುಎಸ್‌ಬಿ ಕೋರ್ ಕೂಡ ಡ್ರೈವರನ್ನು ಬೇರ್ಪಡಿಸಿದ ಮೇಲೆ ಮಾಡುತ್ತದೆ. ಆದರೆ ನಿಮ್ಮ ಸಾಧನ ಸಿಡಿಸಿ ಈಥರ್ನೆಟ್ (ಯುಎಸ್‌ಬಿಯ ಪ್ರಮಾಣಿತ ಈಥರ್ನೆಟ್ ವರ್ಗ) ರೀತಿಯದ್ದಾಗಿ, ನಿಯಂತ್ರಣಕ್ಕೊಂದು ದತ್ತಾಂಶಕ್ಕೊಂದು ಎಂದು ಎರಡು ಇಂಟರ್‌ಫೇಸ್ ಹೊಂದಿದ್ದರೆ ಲೆಕ್ಕ ಬೇರೆ. ಅಲ್ಲಿ ಎರಡೂ ಇಂಟರ್‌ಫೇಸಿಗೆ ಕಟ್ಟಿರುವುದು ಒಂದೇ ಪಾಯಿಂಟರ್. ಒಂದನ್ನು ಕಳಚುವಾಗ ಅನ್‌ಬೈಂಡ್ ಇನ್ನೊಂದನ್ನೂ ಬಿಡಿಸುತ್ತದೆ, ಬಿಡಿಸಿದಾಗ ಅದೇ ಡಿಸ್‌ಕನೆಕ್ಟ್ ಆ ಇನ್ನೊಂದಕ್ಕಾಗಿ ಮತ್ತೊಮ್ಮೆ ಓಡುತ್ತದೆ. ಬಿಡಿಸುವ ಮುಂಚೆ ಆ ಪಾಯಿಂಟರನ್ನು ನಲ್ ಮಾಡಿದ್ದರಿಂದಲೇ ಎರಡನೆಯ ಓಟ ಬಾಗಿಲಿನಲ್ಲೇ ಹಿಂದಿರುಗುತ್ತದೆ. ಆ ಸಾಲು ತೆಗೆದರೆ ಒಂದೇ ಜಾಲ ಸಾಧನದ ನೋಂದಣಿಯನ್ನು ಎರಡು ಸಲ ತೆಗೆಯಲು ಹೊರಡುತ್ತೀರಿ. ನೋಡುವುದಕ್ಕೆ ಎರಡೂ ಸಾಲುಗಳು ಅಕ್ಷರಶಃ ಒಂದೇ ತೆರನಾಗಿವೆ. ವ್ಯತ್ಯಾಸವಿರುವುದು ಯಾವ ಇಂಟರ್‌ಫೇಸ್ ಎಂಬ ಒಂದು ಪದದಲ್ಲಿ ಮತ್ತು ಅದರ ಕೆಳಗಿನ ಸಾಲಿನಲ್ಲಿ.

ಪರೀಕ್ಷೆಗೆ ಒಂದೇ ಅಡಾಪ್ಟರ್ ಸಾಕು, ಆದರೆ ಪರೀಕ್ಷಿಸುವ ಕರ್ನೆಲ್ ಸಾಮಾನ್ಯದ್ದಾಗಿರಬಾರದು. ಬಿಟ್ಟ ಮೆಮೊರಿಯನ್ನು ಮುಟ್ಟಿದರೆ ಹಿಡಿಯುವ ಕೆಸ್ಯಾನ್, ಮೆಮೊರಿ ಸೋರಿಕೆ ಹಿಡಿಯುವ ಕೆಮೆಮ್‌ಲೀಕ್, ಲಾಕ್‌ಗಳ ಸಿಕ್ಕು ಹಿಡಿಯುವ ಲಾಕ್‌ಡೆಪ್, ಡಿಎಂಎ ಎಪಿಐ ತಪಾಸಣೆ, ಟೈಮರ್ ಮತ್ತು ವರ್ಕ್‌ಗಳ ವಸ್ತು ತಪಾಸಣೆ, ಇವಿಷ್ಟನ್ನೂ ಚಾಲೂ ಮಾಡಿದ ಕರ್ನೆಲ್ ಕಟ್ಟಿಕೊಳ್ಳಿ. ನಾನು ಬಂದರಿನಲ್ಲಿ ಕಂಡ ದೋಷವನ್ನು ಇಂಥ ಕರ್ನೆಲ್ ಮೇಜಿನ ಮೇಲೆಯೇ ಹಿಡಿದುಕೊಡುತ್ತಿತ್ತು. ಜಾಲದಲ್ಲಿ ದಟ್ಟಣೆ ಹುಟ್ಟಿಸುವ ಐಪರ್ಫ್ ಓಡುತ್ತಿರುವಾಗಲೇ ಸಿಸ್‌ಎಫ್‌ಎಸ್ (ಕರ್ನೆಲ್ ತನ್ನ ಸಾಧನಗಳನ್ನು ಕಡತಗಳಂತೆ ತೋರಿಸುವ ಜಾಗ) ಮೂಲಕ ಡ್ರೈವರನ್ನು ಅನ್‌ಬೈಂಡ್ ಮಾಡಿ ಮತ್ತೆ ಬೈಂಡ್ ಮಾಡುವುದನ್ನು ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಕಟ್ಟಿ ರಾತ್ರಿಯಿಡೀ ಓಡಿಸಿ. ಇದರಷ್ಟಕ್ಕೇ ನಿಲ್ಲಬೇಡಿ, ಏಕೆಂದರೆ ಹೀಗೆ ಬೇರ್ಪಡಿಸಿದಾಗ ಸಾಧನ ಇನ್ನೂ ಜೀವಂತವಾಗಿದ್ದು ರಿಜಿಸ್ಟರ್ ಓದಿಗೆ ಉತ್ತರ ಕೊಡುತ್ತಿರುತ್ತದೆ. ಕೈಯಿಂದ ಕಿತ್ತಾಗ ಪ್ರತಿ ಓದೂ ಸೋಲುತ್ತದೆ, ದೋಷದ ದಾರಿಗಳು ಆಗ ಮಾತ್ರ ತೆರೆದುಕೊಳ್ಳುತ್ತವೆ. ಆದ್ದರಿಂದ ಹತ್ತಿಪ್ಪತ್ತು ಸಲವಾದರೂ ದಟ್ಟಣೆಯ ನಡುವೆ ನಿಜವಾಗಿ ಕೀಳಿ, ಅದೂ ಜಾಲ ತೆರೆಯುತ್ತಿರುವಾಗ, ಯಂತ್ರ ನಿದ್ರೆಯಲ್ಲಿರುವಾಗ, ಲಿಂಕ್ ಬದಲಾಗುತ್ತಿರುವಾಗ. ಪೋರ್ಟ್‌ವಾರು ವಿದ್ಯುತ್ ಕಡಿಯಬಲ್ಲ ಹಬ್ ಇದ್ದರೆ ಇದನ್ನೂ ಸ್ಕ್ರಿಪ್ಟಿಗೆ ಒಪ್ಪಿಸಬಹುದು. ಸಾಧನವೇ ಕೈಯಲ್ಲಿಲ್ಲದ ಚಿಪ್‌ಗಳ ದಾರಿಯನ್ನು ಮುಟ್ಟಬೇಕಾಗಿ ಬಂದರೆ, ಡಮ್ಮಿ ಎಚ್‌ಸಿಡಿ ಮತ್ತು 5.7ನೇ ಕರ್ನೆಲ್‌ನಿಂದ ಇರುವ ರಾ ಗ್ಯಾಜೆಟ್ ಸೇರಿಸಿ ತಂತ್ರಾಂಶದಲ್ಲೇ ಒಂದು ಸುಳ್ಳು ಸಾಧನವನ್ನು ನಿಲ್ಲಿಸಿ, ಪ್ರೋಬ್ ಮತ್ತು ಕಳಚುವ ದಾರಿಗಳನ್ನು ಓಡಿಸಿ ನೋಡಬಹುದು.

ಬದಲಾವಣೆಗಳನ್ನು ಒಂದೊಂದಾಗಿ ದಾಖಲಿಸಿ, ಒಂದು ಕಮಿಟ್‌ನಲ್ಲಿ ಒಂದೇ ಬಗೆಯ ಉಳಿಕೆ ಹೋಗಲಿ. ಪ್ರತಿಯೊಂದರ ವಿವರಣೆಯಲ್ಲಿ ಆ ಕೋಡ್ ಮೊದಲು ಏಕಿತ್ತು, ಯಾವ ಬದಲಾವಣೆಯಿಂದ ಬೇಡವಾಯಿತು ಎಂಬುದನ್ನು ಗಿಟ್ ಇತಿಹಾಸದಿಂದ ಹುಡುಕಿ ಬರೆಯಿರಿ. ಹಾಗೆ ಬರೆಯಲು ಕೂತಾಗ 'ಏಕೆ ಬೇಡ' ಎಂಬುದಕ್ಕೆ ನಿಮಗೆ ವಾಕ್ಯ ಸಿಗದಿದ್ದರೆ ಆ ಸಾಲನ್ನು ಇನ್ನೂ ತೆಗೆಯಬೇಡಿ. ಹಳೆಯ ಕೋಡಿನ ಜೊತೆ ಕೆಕಾನ್ಫಿಗ್‌ನಲ್ಲಿ (ಕರ್ನೆಲ್ ಕಟ್ಟುವಾಗ ಏನೇನು ಸೇರಬೇಕೆಂದು ಹೇಳುವ ಕಡತ) ಅದಕ್ಕಾಗಿ ಇದ್ದ ಸೆಲೆಕ್ಟ್ ಸಾಲುಗಳನ್ನೂ ಗಮನಿಸಿ, ಆದರೆ ತೆಗೆದ ಮೇಲೆ ಉಳಿದ ನೆಟ್‌ವರ್ಕ್ ಡ್ರೈವರ್‌ಗಳನ್ನೆಲ್ಲ ಕೈಬಿಟ್ಟು ನಿಮ್ಮದೊಂದನ್ನೇ ಇಟ್ಟು ಕಟ್ಟಿ ನೋಡಿ. ಬೇರೆ ಡ್ರೈವರ್ ಎಳೆದು ತಂದದ್ದರ ಮೇಲೆ ನಿಮ್ಮದು ನಿಂತಿದ್ದರೆ ಆಗ ಗೊತ್ತಾಗುತ್ತದೆ. ನಿಮ್ಮ ಡ್ರೈವರ್ ಮೂಲ ಕರ್ನೆಲ್‌ನಲ್ಲೇ ಇರುವಂಥದ್ದಾದರೆ ಇನ್ನೊಂದು ಮಾತು ತಿಳಿದಿರಲಿ. ಶೈಲಿಯ ಎಚ್ಚರಿಕೆಗಳನ್ನು ಸರಿಪಡಿಸುವುದು, ವೇರಿಯಬಲ್‌ಗಳ ಸಾಲು ಜೋಡಿಸುವುದು, ಡೆವ್‌ಎಂ (ಮೆಮೊರಿ ಮುಂತಾದವನ್ನು ಕರ್ನೆಲ್ಲೇ ಬಿಡುಗಡೆ ಮಾಡುವ) ರೂಪಕ್ಕೆ ಬದಲಿಸುವುದು ಮುಂತಾದ ಬಿಡಿ ಶುಚಿಕಾರ್ಯಗಳನ್ನು ಬೇರೆ ಕೆಲಸದ ಸಂದರ್ಭವಿಲ್ಲದೆ ಕಳಿಸುವುದನ್ನು ನೆಟ್‌ವರ್ಕ್ ವಿಭಾಗದವರು ಪ್ರೋತ್ಸಾಹಿಸುವುದಿಲ್ಲ ಎಂದು ಅವರ ನಿಯಮಾವಳಿಯಲ್ಲೇ ಇದೆ. ಒಂದು ದೋಷ ಸರಿಪಡಿಸುವ ಅಥವಾ ಹೊಸ ಚಿಪ್ ಸೇರಿಸುವ ಸರಣಿಯ ಮುಂಭಾಗದಲ್ಲಿ ಶುಚಿಕಾರ್ಯ ಬಂದರೆ ಅದಕ್ಕೊಂದು ಅರ್ಥವಿರುತ್ತದೆ. ಎಂಐಐ ಪಾಯಿಂಟರಿನಂತೆ ತಪ್ಪು ಉತ್ತರ ಕೊಡಿಸುವ ಉಳಿಕೆಯನ್ನು ತೆಗೆಯುವುದಾದರೆ ಅದನ್ನು ಶುಚಿಕಾರ್ಯವೆಂದು ಕರೆಯದೆ ದೋಷ ಪರಿಹಾರವೆಂದೇ ಕರೆಯಿರಿ, ಲಕ್ಷಣವನ್ನು ವಿವರಿಸಿ.

ಕೊನೆಯದಾಗಿ ಐಡಿಗಳು. ಡ್ರೈವರ್ ಯಾವ ಸಾಧನಗಳಿಗೆಂದು ಹೇಳುವ ಈ ಐಡಿಗಳ ಕೋಷ್ಟಕದಿಂದಲೇ ಮಾಡ್ಯೂಲ್‌ನ ಅಲಿಯಾಸ್‌ಗಳು ಹುಟ್ಟುತ್ತವೆ, ಅವುಗಳನ್ನು ನೋಡಿಯೇ ಯೂಡೆವ್ ಡ್ರೈವರನ್ನು ತರುತ್ತದೆ. ಒಂದು ಸಾಲು ತೆಗೆದರೆ ಆ ಅಡಾಪ್ಟರ್ ಇರುವವರಿಗೆ ಯಾವ ದೋಷ ಸಂದೇಶವೂ ಬರುವುದಿಲ್ಲ, ಜಾಲ ಮಾತ್ರ ಇರುವುದಿಲ್ಲ. ಒಂದೇ ಚಿಪ್ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗಿ ಶಿರಸಿಯ ಸೊಸೈಟಿಯ ಮೇಜಿನಲ್ಲೋ ಅಂಕೋಲೆಯ ಶಾಲೆಯ ಕಪಾಟಿನಲ್ಲೋ ಹತ್ತು ವರ್ಷ ಕೂತಿರುತ್ತದೆ. ಮಾರುಕಟ್ಟೆಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಬಳಕೆಯಲ್ಲಿ ಇಲ್ಲ ಎಂದಾಗದು. ಕೋಷ್ಟಕದಲ್ಲಿ ಡ್ರೈವರ್ ಇನ್ಫೋ ಸೊನ್ನೆಯಾಗಿರುವ ಸಾಲುಗಳು ಕಂಡರೆ ಅವನ್ನು ಅಪೂರ್ಣವಾಗಿ ಬಿಟ್ಟ ಸಾಲುಗಳೆಂದು ತಿಳಿಯಬೇಡಿ. ಸಿಡಿಸಿ ಈಥರ್ ಡ್ರೈವರಿನಲ್ಲಿ ಅಂಥವು ಹಲವಿವೆ. ತಾನು ಸಿಡಿಸಿ ಸಾಧನವೆಂದು ಹೇಳಿಕೊಳ್ಳುವ, ಆದರೆ ಬೇರೆ ಡ್ರೈವರಿಗೆ ಸೇರಬೇಕಾದ ಸಾಧನಗಳನ್ನು ಅವು ತಡೆಯುತ್ತವೆ: ಪ್ರೋಬ್ ಸೊನ್ನೆಯನ್ನು ಕಂಡ ಕೂಡಲೇ ತನಗೆ ಬೇಡವೆಂದು ಹಿಂದಿರುಗುತ್ತದೆ, ಸರಿಯಾದ ಡ್ರೈವರ್ ಬಂದು ಸಾಧನವನ್ನು ತೆಗೆದುಕೊಳ್ಳುತ್ತದೆ. ನಿಮ್ಮ ಡ್ರೈವರಿನಲ್ಲಿ ಅಂಥ ಸಾಲಿನ ಪಕ್ಕ ಟಿಪ್ಪಣಿ ಇಲ್ಲದಿದ್ದರೆ, ಈ ಸಲ ಹೇಗೂ ಕಡತ ತೆರೆದಿದ್ದೀರಿ, ಅದೊಂದು ಟಿಪ್ಪಣಿಯನ್ನು ಸೇರಿಸಿಬಿಡಿ.